ಕಂಬಳಿ ಹೊದ್ದ ಟ್ರೇಲರ್

ಕಬ್ಬಿನ ಹಂಗಾಮು ಶುರುವಾದರೆ ಕಾಖಂಡಕಿಯ ರಸ್ತೆಗೆ ಬಿಡುವಿಲ್ಲ. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಮೇಲೆ ಆಳೆತ್ತರ ಕಬ್ಬು. ಕಬ್ಬಿನ ಒಣ ಗರಿ, ಅಂದರೆ ರವದಿ, ಹಿಂದಿನ ಕೆಂಪು ದೀಪದ ಮೇಲೆ ಜೋತು ಬಿದ್ದಿರುತ್ತದೆ. ಟ್ರ್ಯಾಕ್ಟರಿನ ಹಾಡು ಎರಡು ಊರಿಗೆ ಕೇಳುತ್ತದೆ. ಟ್ರೇಲರ್ ಮಾತ್ರ ಹತ್ತಿರ ಹೋಗುವವರೆಗೆ ಕಾಣುವುದಿಲ್ಲ.

ಆ ದಿನ ಸಂಜೆ ರಾಜಾರಾಮನ ಟ್ರೇಲರ್ ತೋಟದಿಂದ ಊರ ಕಡೆ ಬರುವಾಗ ವಿಜಯಪುರ ರಸ್ತೆಯ ತಿರುವಿನಲ್ಲಿ ಆಕ್ಸಲ್ ಮುರಿದು ನಿಂತಿತು. ಊರಿಗೆ ಅಲ್ಲಿಂದ ಒಂದೇ ಕಿಲೋಮೀಟರ್. ಡ್ರೈವರ್ ಮುತ್ತು ಟ್ರ್ಯಾಕ್ಟರ್ ಬಿಚ್ಚಿಕೊಂಡು ಬಂದ.

"ಸುತ್ತಲೂ ಕಲ್ಲ ಇಟ್ಟ ಬಂದೇನ್ರಿ ಮಾಲಕರ. ಒಂದ ಜಾಲಿ ಟೊಂಗಿನೂ ಸಿಗಿಸೇನಿ."

"ಸಾಕ ಬಿಡು. ಮಿಸ್ತ್ರಿ ಮುಂಜಾನೆ ಬರ್ತಾನ. ಅದನ್ನ ಯಾರ ಹೊತ್ಕೊಂಡ ಹೋಗ್ತಾರ?"

ರಾಜಾರಾಮನ ಮಗಳು ಸುಮಂಗಲಾ ಗೋಳಗುಮ್ಮಟದ ಹತ್ತಿರ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದಿನಾ ಕತ್ತಲಾಗುವ ಹೊತ್ತಿಗೆ ಅದೇ ರಸ್ತೆಯಲ್ಲಿ ಸ್ಕೂಟಿಯ ಮೇಲೆ ಮನೆಗೆ ಬರುತ್ತಾಳೆ. ರಾಜಾರಾಮನಿಗೆ ಇದು ಗೊತ್ತಿತ್ತು. ಆದರೆ ಗೊತ್ತಿರುವುದೆಲ್ಲ ಬೇಕಾದ ಹೊತ್ತಿಗೆ ನೆನಪಿಗೆ ಬರುವುದಿಲ್ಲ.

ಅವನು ಊರ ಬಾಗಿಲಾದ ಅಗಸಿಯ ಮುಂದೆ ಬಂದು ನಿಂತ. ಅಲ್ಲಿ ಹಿರಿಯರ ಆಟ ನಡೆಯುವುದಿತ್ತು.

ಮೇಳದಲ್ಲಿ ಅರವತ್ತೈದು ದಾಟದವರು ಯಾರೂ ಇಲ್ಲ. ಒಂದು ಕಾಲದಲ್ಲಿ ಬಯಲಾಟ ಕುಣಿದವರು. ಈಗ ರಸ್ತೆ ಸುರಕ್ಷತೆಯ ಆಟ ಆಡುತ್ತಾರೆ. ತಿಕೋಟಾದಲ್ಲಿ, ಬಬಲೇಶ್ವರದಲ್ಲಿ ಆಡಿ ಬಂದಿದ್ದರು. ಮುಂದಾಳು ಗೈಬುಸಾಬ, ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಹಾರ್ಮೋನಿಯಂ ಬಾರಿಸುವವನು ಈರಯ್ಯ. ಇನ್ನೊಬ್ಬಳು ಕಾಳವ್ವ.

ಎರಡು ವರ್ಷದ ಹಿಂದೆ ಕಾಳವ್ವನ ಮಗ ತಿಕೋಟಾ ರಸ್ತೆಯಲ್ಲಿ ನಿಂತ ಟ್ರೇಲರ್‌ಗೆ ಬೈಕ್ ಗುದ್ದಿ ತೀರಿಕೊಂಡ. ಆ ಮಾತನ್ನು ಅವಳು ಎಲ್ಲಿಯೂ ಆಡುವುದಿಲ್ಲ. ಪಾರ್ಟು ಹಂಚುವಾಗ ಅವಳು ಮಾತಿನ ಪಾರ್ಟು ಬೇಡವೆಂದಳು. "ನಾ ಟ್ರೇಲರ್ ಆಗ್ತೀನಿ" ಎಂದಷ್ಟೇ ಹೇಳಿದಳು. ಯಾರೂ ಕಾರಣ ಕೇಳಲಿಲ್ಲ.

ಆಟ ಶುರುವಾಯಿತು. ನಿಂತ ಗಾಡಿ ಕತ್ತಲಲ್ಲಿ ಕಾಣುವುದಿಲ್ಲ ಎಂದು ಗೈಬುಸಾಬ ಹೇಳುತ್ತಿದ್ದಂತೆ ರಾಜಾರಾಮ ನಕ್ಕ.

"ಆನಿಯಷ್ಟ ದೊಡ್ಡ ಟ್ರೇಲರ್ ಕಾಣಂಗಿಲ್ಲಂದ್ರ ಅವ ಗಾಡಿ ಯಾಕ ಹೊಡೀಬೇಕು ಕಾಕಾ? ಮನ್ಯಾಗ ಮಲಗಲಿ. ನಿಮಗ ಕಣ್ಣಾಗ ಪೊರಿ ಬಂದಾವ, ಊರಿಗೆಲ್ಲಾ ಬಂದಾವ ಅಂತ ತಿಳಕೊಂಡೀರಿ."

ಮಂದಿ ನಕ್ಕರು. ಗೈಬುಸಾಬನೂ ನಕ್ಕ.

"ಪೊರಿ ತಗಸೇನಿಪಾ, ಹೋದ ವರ್ಷನ. ನಿನ್ನ ಕಣ್ಣ ಚಲೋ ಅದಾವಲ್ಲ, ಬಾ. ಆ ಬೇವಿನ ಗಿಡದಿಂದ ನಡಕೋತ ಬಾ. ಟ್ರೇಲರ್ ಕಂಡ ಕೂಡಲೇ ನಿಲ್ಲು."

ಬೀದಿ ದೀಪ ಆರಿಸಿದರು. ಎದುರು ತುದಿಯಲ್ಲಿ ಈರಯ್ಯ ಬೈಕಿನ ದೀಪ ಹಚ್ಚಿ ನಿಂತ. ನಡುವೆ ಎಲ್ಲೋ ಕಾಳವ್ವ ಕರಿ ಕಂಬಳಿ ಹೊದ್ದು, ಬೆನ್ನು ಮಾಡಿ ಕುಳಿತಿದ್ದಳು. ಗೈಬುಸಾಬ ಕೊಟ್ಟ ಬ್ಯಾಟರಿ ಹಿಡಿದು ರಾಜಾರಾಮ ನಡೆಯತೊಡಗಿದ. ಎದುರಿನ ಬೆಳಕು ಕಣ್ಣಿಗೆ ಹೊಡೆಯಿತು. ಕೈ ಅಡ್ಡ ಹಿಡಿದ. ಅವನ ನಗು ನಿಧಾನಕ್ಕೆ ನಿಂತಿತು.

ಒಮ್ಮೆಲೇ ಅವನು ತಡೆದು ನಿಂತ. ಕಂಬಳಿ ಆರು ಹೆಜ್ಜೆ ದೂರದಲ್ಲಿತ್ತು.

"ಆರು" ಎಂದ ಗೈಬುಸಾಬ. "ಅರವತ್ತರ ಸ್ಪೀಡಿನಾಗ ಬರೂ ಬೈಕ್ ನಿಲ್ಲಾಕ ಅರವತ್ತ ಹೆಜ್ಜಿ ಬೇಕು. ಉಳದ ಐವತ್ನಾಕು ಎಲ್ಲಿಂದ ತರ್ತಿ?"

ಈರಯ್ಯ ಬಂದು ಕಂಬಳಿಯ ಬೆನ್ನಿಗೆ ಕೆಂಪು ರೇಡಿಯಂ ಪಟ್ಟಿ ಅಂಟಿಸಿದ. ರಾಜಾರಾಮ ಮತ್ತೆ ಬೇವಿನ ಗಿಡದ ಕಡೆ ಹೋದ. ಅಲ್ಲಿಂದ ಅದೇ ಬ್ಯಾಟರಿ ಬೆಳಕು ಬಿಟ್ಟ. ಈ ಸಲ ಒಂದು ಹೆಜ್ಜೆಯನ್ನೂ ಇಡಬೇಕಾಗಲಿಲ್ಲ. ಪಟ್ಟಿ ಕೆಂಡದಂತೆ ಹೊಳೆಯಿತು.

ಆಗ ಕಾಳವ್ವ ಎದ್ದು ತಿರುಗಿದಳು. ಆಟದಲ್ಲಿ ಅವಳಿಗೆ ಮಾತಿರಲಿಲ್ಲ.

"ರಾಜಾರಾಮ, ನಿಂದೊಂದು ತಿರುವಿನಾಗ ನಿಂತೈತಂತಲ್ಲ. ಸುಮಂಗಲಾ ಮನಿಗೆ ಬಂದಾಳೇನು?"

ಅವನ ಕೈ ಕಿಸೆಗೆ ಹೋಯಿತು. ಫೋನ್ ಹಚ್ಚಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದ.

"ಗಾಡಿ ಮ್ಯಾಲಿದ್ರ ಅಕಿ ಫೋನ್ ಎತ್ತಂಗಿಲ್ಲ" ಎಂದ, ಸಣ್ಣ ದನಿಯಲ್ಲಿ. "ನಾನ ಹೇಳೇನಿ, ಎತ್ತಬ್ಯಾಡಂತ."

ಮೇಳದವರ ಮೂರು ಗಾಲಿಯ ಟಂಟಂ ಅಲ್ಲೇ ಇತ್ತು. ಗೈಬುಸಾಬ ಓಡಿಸಲು ಕುಳಿತ. ರಾಜಾರಾಮ ಅವನ ಪಕ್ಕ, ಕಾಳವ್ವ ಹಿಂದೆ.

"ಲಗೂ ಹೊಡಿ ಕಾಕಾ."

"ನಲವತ್ತ ದಾಟಂಗಿಲ್ಲ. ನಾವ ಬಿದ್ರ ಅಕಿಗೆ ಹೇಳವ್ರ ಯಾರು?"

ಒಂದು ಕಿಲೋಮೀಟರ್ ದಾರಿ. ಎದುರಿನಿಂದ ಬಂದ ಪ್ರತಿ ದೀಪಕ್ಕೂ ರಾಜಾರಾಮ ಬಗ್ಗಿ ನೋಡಿದ. ಯಾವುದೂ ಸ್ಕೂಟಿ ಅಲ್ಲ. ತಿರುವಿನಲ್ಲಿ ಟ್ರೇಲರ್ ಗೋಡೆಯ ಹಾಗೆ ನಿಂತಿತ್ತು. ಅವನು ಮೊದಲು ನೋಡಿದ್ದು ಅದರ ಕೆಳಗಿನ ನೆಲ. ಅಲ್ಲಿ ಕಲ್ಲುಗಳು ಬಿಟ್ಟರೆ ಏನೂ ಇರಲಿಲ್ಲ. ಆಗ ಉಸಿರು ಬಿಟ್ಟ.

ಗೈಬುಸಾಬ ಟ್ರೇಲರ್ ದಾಟಿ ಹೋಗಿ, ಟಂಟಂ ಡಾಂಬರಿನಿಂದ ಪೂರ್ತಿ ಕೆಳಗಿಳಿಸಿ, ಇಂಡಿಕೇಟರ್ ಹಾಕಿದ. ಮೂವರೂ ವಿಜಯಪುರದ ಕಡೆ ಎಂಬತ್ತು ಹೆಜ್ಜೆ ನಡೆದರು.

"ಡಾಂಬರ ಮ್ಯಾಲ ನಿಲ್ಲಬ್ಯಾಡ, ಬಾಜೂಕ ನಿಲ್ಲು" ಎಂದ ಗೈಬುಸಾಬ. ಕಾಳವ್ವ ಪಟ್ಟಿಯ ಕಂಬಳಿಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದಳು. ರಾಜಾರಾಮ ಬ್ಯಾಟರಿ ಆಡಿಸಿದ.

ದೂರದಲ್ಲಿ ಒಂಟಿ ದೀಪ ಕಂಡಿತು. ಅದೇ ಹೊತ್ತಿಗೆ ಊರ ಕಡೆಯಿಂದ ಲಾರಿಯೊಂದು ಕಣ್ಣು ಕುಕ್ಕುವ ಬೆಳಕು ಚೆಲ್ಲುತ್ತ ಬಂತು. ಒಂಟಿ ದೀಪ ಬರುತ್ತಲೇ ಇತ್ತು. ರಾಜಾರಾಮ ಬ್ಯಾಟರಿ ಇನ್ನೂ ಜೋರಾಗಿ ಆಡಿಸಿದ.

ದೀಪ ನಿಧಾನವಾಯಿತು. ಸ್ಕೂಟಿ ಬದಿಗೆ ಬಂದು ನಿಂತಿತು. ಸುಮಂಗಲಾ ಹೆಲ್ಮೆಟ್ ತೆಗೆದಳು.

"ಅಪ್ಪಾ, ಯಾಕ ನಿಂತೀರಿ ಇಲ್ಲಿ? ಕೆಂಪಂದು ಏನೋ ಹೊಳೀತು, ಅದಕ್ಕ ಸ್ಲೋ ಮಾಡಿದೆ."

ರಾಜಾರಾಮ ತಿರುವಿನ ಕಡೆ ಕೈ ತೋರಿಸಿದ. ಅವಳು ಕತ್ತು ಚಾಚಿ ನೋಡಿದಳು. ಅಲ್ಲಿ ಟ್ರೇಲರ್ ಇತ್ತು, ಅದರ ಮೇಲೆ ಆಳೆತ್ತರ ಕಬ್ಬಿತ್ತು.

"ಏನೈತಿ ಅಲ್ಲಿ? ಏನೂ ಕಾಣವಲ್ದು."

ಕಾಳವ್ವ ಹುಡುಗಿಯ ಭುಜದ ಮೇಲೆ ಕೈಯಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

ಆಮೇಲೆ ರಾಜಾರಾಮ ಮುತ್ತುವಿಗೆ ಫೋನ್ ಮಾಡಿ ಎರಡು ಟ್ರ್ಯಾಕ್ಟರ್ ತರಿಸಿದ. ಟ್ರೇಲರ್ ಎಳೆದು ಹೊಲಕ್ಕೆ ಇಳಿಸುವವರೆಗೆ ಹಿರಿಯರಿಬ್ಬರೂ ಬೆಳಕು ಹಿಡಿದು ಕಾದರು. ಮುತ್ತು ಹೊರಡಲು ತಿರುಗಿದಾಗ ರಾಜಾರಾಮ ತಡೆದ.

"ಕಲ್ಲ ಎತ್ತಲೇ ಮೊದಲ. ಟ್ರೇಲರ್ ಹೋದ್ರೂ ಕಲ್ಲ ಕೊಲ್ತಾವ."

ಮುತ್ತು ಎತ್ತತೊಡಗಿದ. ರಾಜಾರಾಮನೂ ಬಗ್ಗಿದ.

ಓದುತ್ತಿರುವ ನೀವು ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಟ್ರೇಲರ್ ಇದ್ದರೆ, ಸಂಜೆ ಅದರಿಂದ ಅರವತ್ತು ಹೆಜ್ಜೆ ಹಿಂದೆ ಹೋಗಿ ತಿರುಗಿ ನೋಡಿ. ಕಾಣದಿದ್ದರೆ ಹಿಂದೆ ಕೆಂಪು, ಬದಿಗೆ ಹಳದಿ ರೇಡಿಯಂ ಪಟ್ಟಿ ಹಚ್ಚಿ. ಕಬ್ಬಿನ ರವದಿ ಅದನ್ನು ಮುಚ್ಚದಂತೆ ಕತ್ತರಿಸಿ. ಗಾಡಿ ಕೆಟ್ಟರೆ ಕಲ್ಲು, ಟೊಂಗೆ ಇಡಬೇಡಿ. ಎಂಬತ್ತು ಹೆಜ್ಜೆ ಹಿಂದೆ ಹೊಳೆಯುವ ತ್ರಿಕೋನ ಇಡಿ, 112ಕ್ಕೆ ಫೋನ್ ಮಾಡಿ, ಗಾಡಿಯನ್ನು ರಸ್ತೆಯಿಂದ ಇಳಿಸಿಯೇ ಮನೆಗೆ ಹೋಗಿ. ಆ ರಸ್ತೆಯಲ್ಲಿ ಬರುತ್ತಿರುವವರು ಯಾರ ಮನೆಯವರೆಂದು ಕತ್ತಲಿಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆ.