ಬಾಗಿಲ ಮುಂದಿನ ಸಾಲು

ಮುತ್ತಮ್ಮ ನೀರು ಸುರಿಯುವಷ್ಟರಲ್ಲಿ ಪಿಳ್ಳಪ್ಪ ಬಂದು ಬಕೆಟ್ಟಿನ ಹಿಡಿ ಹಿಡಿದುಕೊಂಡ.

"ಬಿಡು ಭಾವ. ಸಾವಿನ ಮನೆ ಮುಂದೆ ರಂಗೋಲಿ ಇರ್ಬಾರ್ದು."

"ರಂಗೋಲಿ ಅಲ್ಲ ಅದು."

"ಮತ್ತಿನ್ನೇನು?"

ಅವನು ಹಿಡಿ ಬಿಡಲಿಲ್ಲ. ಒಳಗೆ ಫ್ರೀಜರ್ ಪೆಟ್ಟಿಗೆಯಲ್ಲಿ ಅವನ ಹೆಂಡತಿ, ಮುತ್ತಮ್ಮನ ಅಕ್ಕ, ಅಕ್ಕಯಮ್ಮ ಮಲಗಿದ್ದಳು. ನಿನ್ನೆ ಬೆಳಗ್ಗೆ ಅಂಗಳ ಸಾರಿಸಿ, ರಂಗೋಲಿ ಪುಡಿಯಲ್ಲಿ ಎಂದಿನಂತೆ ಬರೆದು ಪಿಲ್ಲಗುಂಪೆಯ ಕಾರ್ಖಾನೆಗೆ ಹೋದವಳು ಸಂಜೆ ಆಂಬುಲೆನ್ಸಿನಲ್ಲಿ ಬಂದಿದ್ದಳು. ಹೃದಯಾಘಾತ ಎಂದಿದ್ದರು.

ಬರೆದದ್ದು ಚುಕ್ಕಿಯಲ್ಲ, ಹೂವಲ್ಲ, ಅಕ್ಷರವೂ ಅಲ್ಲ. ಬಾಗಿ, ಸುತ್ತಿ, ಕೊಂಡಿ ಹಾಕಿಕೊಂಡು ಎಡದಿಂದ ಬಲಕ್ಕೆ ಓಡುವ ಸಾಲುಗಳು. ದೂರದಿಂದ ಯಾರೋ ಕಾಗದ ಬರೆದಂತೆ ಕಾಣುತ್ತಿದ್ದವು. ಬಂದವರ ಕಾಲಿಗೆ ಸಿಕ್ಕಿ ಮಿಕ್ಕವೆಲ್ಲ ಅಳಿಸಿ, ಹೊಸ್ತಿಲ ಬಳಿ ಒಂದೇ ಸಾಲು ಉಳಿದಿತ್ತು.

"ಫೋಟೋ ಹೊಡ್ಕೊಂಡಿದೀನಿ, ತೊಳೀಲಿ ಬಿಡಪ್ಪ," ಎಂದಳು ಮಗಳು ವಾಣಿಶ್ರೀ.

"ಅದ್ರಲ್ಲಿ ಅವಳ ಕೈ ಇಲ್ವಲ್ಲಮ್ಮ."

*

ವಾಣಿಶ್ರೀ ಹೈಸ್ಕೂಲಿನಲ್ಲಿದ್ದಾಗ ಅಮ್ಮನಿಗೆ ಹೆಸರು ಬರೆಯುವುದನ್ನು ಕಲಿಸಿದ್ದಳು. ಮರುದಿನ ಅಂಗಳದಲ್ಲಿ ಮತ್ತೆ ಅದೇ ಓದಲಾಗದ ಸಾಲು.

"ಏನಾದ್ರೂ ಅರ್ಥ ಆಗೋ ಹಂಗೆ ಬರಿ. ಬೀದಿಯೋರು ನಗ್ತಾರೆ," ಎಂದಿದ್ದ ಪಿಳ್ಳಪ್ಪ.

"ನಗ್ಲಿ. ಅಕ್ಷರದಾಗೆ ನನ್ ಹೆಸ್ರೊಂದೇ ಹಿಡೀತು. ಮಿಕ್ಕಿದ್ದೆಲ್ಲಾ ಎಲ್ಲಿ ಬರೀಲಿ?"

"ಇದ್ರಲ್ಲಿ ಏನೈತೆ ಅಂತ?"

"ನೋಡ್ಕೋ ನೀನೇ."

ಅವನು ನೋಡತೊಡಗಿದ, ದಿನವೂ ಹಲ್ಲುಜ್ಜುತ್ತ. ಜಗಳವಾಡಿದ ಮರುದಿನ ಗೆರೆಗಳು ಮೊನಚಾಗಿ, ಒತ್ತೊತ್ತಾಗಿ ಇರುತ್ತಿದ್ದವು. ಮಗಳು ಮದುವೆಯಾಗಿ ಹೋದ ವಾರ ಸಾಲುಗಳ ನಡುನಡುವೆ ಬರಿಯ ನೆಲ. ನೋಡುತ್ತಿದ್ದೇನೆಂದು ಅವಳಿಗೆ ಹೇಳಲಿಲ್ಲ. ನಿನ್ನೆಯದು ಸಡಿಲವಾಗಿ, ಅಗಲವಾಗಿ ಓಡಿತ್ತು. ಚೆನ್ನಾಗೈತೆ ಅನ್ನೋಣ ಎಂದುಕೊಂಡು ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಅವಳು ಬಸ್ಸಿಗೆ ಹೋಗಿದ್ದಳು.

*

"ಹೊತ್ತಾಯ್ತು ಭಾವ, ಎತ್ತೋಣ," ಎಂದ ಅಕ್ಕಯಮ್ಮನ ತಮ್ಮ ಕೆಂಪರಾಜ್.

ಚಟ್ಟ ಹೊಸ್ತಿಲು ದಾಟಿತು. ಹೊತ್ತವರ ಕಾಲಡಿ ಉಳಿದ ಸಾಲೂ ಕಲಸಿಹೋಯಿತು. ಹಿಂದೆಯೇ ಮುತ್ತಮ್ಮ ನೀರು ಸುರಿದ ಸದ್ದು. ಪಿಳ್ಳಪ್ಪ ತಿರುಗಿ ನೋಡಲಿಲ್ಲ. ದಾರಿಗೆ ಎರಚಲು ತಂದಿದ್ದ ಮಂಡಕ್ಕಿ ಪುರಿಯ ಚೀಲವನ್ನು ಕೆಂಪರಾಜನ ಕೈಯಿಂದ ಕಿತ್ತುಕೊಂಡು ಚಟ್ಟದ ಮುಂದೆ ಬಂದು ಬಗ್ಗಿದ.

"ಬಗ್ಗಬೇಡ ಭಾವ, ನಿಂತ್ಕೊಂಡೇ ಎರಚ್ಬೇಕು," ಎಂದ ಕೆಂಪರಾಜ್.

ಪಿಳ್ಳಪ್ಪ ಎರಚಲಿಲ್ಲ. ಬಗ್ಗಿಕೊಂಡೇ, ಮುಷ್ಟಿಯ ಸಂದಿಯಿಂದ ಪುರಿಯನ್ನು ಸಣ್ಣಗೆ ಬಿಡುತ್ತ ನಡೆದ. ಸಿಮೆಂಟ್ ರಸ್ತೆಯ ಮೇಲೆ ಬಿಳಿ ಗೆರೆ ಬಾಗಿತು, ಸುತ್ತಿತು, ಕೊಂಡಿ ಹಾಕಿಕೊಂಡು ಮುಂದೆ ಓಡಿತು.

ಕೆಂಪರಾಜ್ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹೊತ್ತವರಿಗೆ ಮೆಲ್ಲಗೆ ಹೇಳಿದ: "ತುಳೀಬೇಡ್ರಲಾ. ಪಕ್ಕಕ್ಕೆ ಕಾಲಿಡಿ."

ಹೊಲದ ಬದುವಿನ ಹತ್ತಿರ ಪುರಿ ಮುಗಿಯಿತು. ಪಿಳ್ಳಪ್ಪನ ಬರಿಗೈ ಗಾಳಿಯಲ್ಲಿ ಬಾಗುತ್ತ, ಸುತ್ತುತ್ತ, ಅವಳಿಗಾಗಿ ತೋಡಿದ್ದ ಗುಂಡಿಯವರೆಗೂ ಹೋಯಿತು.