ಕಕ್ಕಸಿನ ಬೀಗ

“ಮತ್ತೆ ಉಚ್ಚೆ ಬಂತೇನೇ, ಲೌಡಿ? ಅದೇನು ಹೊಟ್ಟೆಯೋ, ತೂತು ಬಿದ್ದ ಕೊಡಾನೋ?”

ಮೇಸ್ತ್ರಿ ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಿದ್ದ. ಅಂಗಿ ಹೊಲಿಯುವ ನಮ್ಮ ಶೆಡ್ಡಿಗೆ ಇದ್ದದ್ದು ಒಂದೇ ಕಕ್ಕಸು. ಎದುರಿಗೆ ನನ್ನಕ್ಕ ಕೈಮುಗಿದು ನಿಂತಿದ್ದಳು. ಆಗವಳು ಬಸುರಿ.

“ಕಾಲರ್ ಮುಗಿಸಿ ಬಾ.”

ಮುಗಿಸುವಷ್ಟರಲ್ಲಿ ಕಾಲಗುಂಟ ಇಳಿದುಹೋಗಿತ್ತು. ಅವಳು ಉಟ್ಟ ಬಟ್ಟೆಯಿಂದಲೇ ಮೇಸ್ತ್ರಿ ನೆಲ ಒರೆಸಿಸಿದ. ನಾನು ಇಸ್ತ್ರಿ ಮೇಜಿನ ಹಿಂದೆ ತಲೆ ತಗ್ಗಿಸಿ ನಿಂತಿದ್ದೆ.

ಮೊದಲು ಎದ್ದವಳು ಗುಂಡಿ ಹೊಲಿಯುವ ಮುದುಕಿ, ನಮಗೆಲ್ಲ ದೊಡ್ಡಮ್ಮ. “ಲೇ ಬೇವರ್ಸಿ, ನಿನ್ನ ಹೆತ್ತವಳು ಉಚ್ಚೆ ಹೊಯ್ತಿರ್ಲಿಲ್ವೇನೋ?”

ಮಿಷನ್ನುಗಳು ನಿಂತವು. ಕೊನೆಗೆ ಧಣಿ ಮೇಸ್ತ್ರಿಯನ್ನು ಓಡಿಸಿದ. ಬೀಗವನ್ನು ಚರಂಡಿಗೆ ಎಸೆದೆವು. ಅಕ್ಕ ಅತ್ತಳು, ನಕ್ಕಳು, ಬೇಕಿಲ್ಲದಿದ್ದರೂ ಒಮ್ಮೆ ಒಳಗೆ ಹೋಗಿ ಬಂದಳು.

“ಪಟ್ಟಿದ್ದು ಸಾಕು. ಇನ್ಯಾವ ನನ್ಮಗನ್ನೂ ತಲೆ ಮೇಲೆ ಕೂರಿಸ್ಕೊಳ್ಳಲ್ಲ,” ಎಂದಳು ದೊಡ್ಡಮ್ಮ. ಹೊಸ ಮೇಸ್ತ್ರಿಯನ್ನು ನೀವೇ ಆರಿಸಿಕೊಳ್ಳಿ ಎಂದು ಧಣಿ ಹೇಳಿದಾಗ ಅಕ್ಕನ ಕೈ ಹಿಡಿದೆತ್ತಿದವಳೂ ಅವಳೇ. “ಉರಿ ತಿಂದವಳಿಗೇ ಬೆಂಕಿ ಗೊತ್ತು.”

ಮತ್ತೆ ಬೀಗ ಬೇಕೆಂದವಳು ಅಕ್ಕನಲ್ಲ. ಕೆಲವರು ಒಳಗೆ ಕೂತು ಹರಟುತ್ತಾರೆ, ಅವರ ಪಾಲಿನ ಅಂಗಿಯನ್ನೂ ನಾವೇ ಹೊಲಿಯಬೇಕು ಎಂದು ಜಗಳ ಎದ್ದಿತ್ತು.

“ಬೀಗದ ಕೈ ನಿನ್ ಹತ್ರಾನೇ ಇರ್ಲಿ ಕಣೇ. ನೀನೇನು ಅವನಾ?” ಎಂದರು ಎಲ್ಲರೂ.

ಅಕ್ಕ ಒಲ್ಲೆ ಅಂದಳು. ಯಾರೂ ಬಿಡಲಿಲ್ಲ. ಮೊದಮೊದಲು ಕೇಳುವ ಮುಂಚೆಯೇ ಬೀಗದ ಕೈ ಕೊಡುತ್ತಿದ್ದಳು. ಆಮೇಲೆ, ಕೇಳಿದರೆ. ಆಮೇಲೆ, ಗೋಗರೆದರೆ.

ಮನೆಯಲ್ಲಿ ಅವಳು ಮಗುವಿಗೆ ಹಾಲೂಡಿಸುತ್ತಿದ್ದಾಗ ಕೇಳಿದೆ, “ಅಕ್ಕಾ, ಎಲ್ಲಾ ಮರೆತೋಯ್ತಾ?”

“ಮರೆಯೋದು ಹೇಗೆ? ಅದಕ್ಕೇ ಹಿಡ್ಕೊಂಡಿದೀನಿ. ನಾ ಬಿಟ್ರೆ ಇನ್ನೊಬ್ಬಳು ಹಿಡೀತಾಳೆ. ಆಗ ಮತ್ತೆ ನಾನೇ ಕೈಮುಗೀಬೇಕು.”

ನಿದ್ದೆ ಹೋದ ಮಗು ಒದ್ದೆ ಮಾಡಿಕೊಂಡಿತ್ತು. ಎಚ್ಚರವಾಗದಂತೆ, ಎಷ್ಟು ಮೆಲ್ಲಗೆ ಬಟ್ಟೆ ಬದಲಿಸಿದಳು!

ನಿನ್ನೆ ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ಅವಳೆದುರು ನಿಂತಳು. “ತಾಯೀ, ತಡಿಯಕ್ಕಾಗ್ತಿಲ್ಲ.”

“ಈಗ ತಾನೇ ಹೋಗಿದ್ಯಲ್ಲ, ಮುದುಕಿ? ಗುಂಡಿ ಮುಗಿಸು.”

ಯಾರೋ ಕಿಸಕ್ಕನೆ ನಕ್ಕರು. ದೊಡ್ಡಮ್ಮ ಹೋಗಿ ಕೂತಳು. ದಾರಕ್ಕೆ ಸೂಜಿಯ ಕಣ್ಣು ಸಿಗುತ್ತಿರಲಿಲ್ಲ.

ನನಗೆ ನಾಲ್ಕು ಜನರೆದುರು ಬಾಯಿ ಬರುವುದಿಲ್ಲ. ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಹೋಗಿ ಬೀಗಕ್ಕೆ ಬಡಿದೆ. ಮತ್ತೆ ಬಡಿದೆ. ಚಿಲಕವೇ ಕಿತ್ತು ಬಂತು.

“ದೊಡ್ಡಮ್ಮಾ, ಬಾ!”

ನನ್ನ ದನಿ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಮಿಷನ್ನುಗಳು ಮಾತ್ರ ನಿಲ್ಲಲಿಲ್ಲ.

ಬಾಗಿಲು ಹಾರುಹೊಡೆದಿತ್ತು. ದೊಡ್ಡಮ್ಮ ಏಳಲಿಲ್ಲ. ತೊಡೆ ಬಿಗಿಹಿಡಿದು ಅಕ್ಕನ ಮುಖವನ್ನೇ ನೋಡುತ್ತ ಕೂತಿದ್ದಳು, ಹೂಂ ಅಂದರೆ ಹೋಗೋಣವೆಂದು.