ತನಗೆ ತಾನೇ ಕೊಟ್ಟುಕೊಂಡ ಫೈನಲ್

ನೀರು ಹಾಯಿಸಿದ ನೀಲಿ ಟರ್ಫಿನ ಮೇಲೆ ಮೋಡದ ನೆರಳೊಂದು ಗೆರೆಗಳನ್ನೆಲ್ಲ ದಾಟಿಕೊಂಡು ಹೋಯಿತು, ಗೋಲಿನ ಬಲೆಯನ್ನು ಒಮ್ಮೆ ಕಪ್ಪಾಗಿಸಿ ಬಿಟ್ಟಿತು, ಅದರ ಬೆನ್ನಿಗೇ ಬಿಸಿಲು ಬಂದು ಹುಡುಗನೊಬ್ಬನ ಅಂಗಿಯ ಮೇಲೆ ಕೂತಿತು — ಮೋಕ್ಷಿತ್, ಕುಶಾಲನಗರ ಹಾಕಿ ತಂಡದ ಬ್ಯಾಕ್, ಪುಟ್ಟರಾಜುವಿನ ಮೊಮ್ಮಗ, ಅದೇ ಅಗಲ ಹಣೆ, ಸುಮ್ಮನೆ ನಿಂತಾಗಲೂ ಹುಕುಂ ಕೊಡುವವನಂತೆ ಸೊಂಟದ ಮೇಲೆ ಕೈ, ಆಡು ಮಗನೆ, ಆಡು, ಎಂದು ಅಂಪೈರ್ ಸಿದ್ದಣ್ಣ ಸೀಟಿಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು ಅಂದುಕೊಂಡ, ಒಂದು ತಪ್ಪು ಸಾಕು, ನನ್ನ ಪಾಲಿನ ಈ ಅರ್ಧ ಮೈದಾನದಲ್ಲಿ, ನನ್ನ ಕಣ್ಣೆದುರಿಗೆ. ಗ್ಯಾಲರಿಯ ಮೇಲಿನ ಮೆಟ್ಟಿಲಲ್ಲಿ ನಿನ್ನ ತಾತ ರಾಷ್ಟ್ರೀಯ ಅಂಪೈರ್ ಪ್ಯಾನೆಲ್ಲಿನ ಹಳೆಯ ಬ್ಲೇಜರು ತೊಟ್ಟು ಕೂತಿದ್ದಾನೆ, ಈ ಸೆಕೆಯಲ್ಲೂ ತೆಗೆದಿಲ್ಲ, ತೆಗೆಯುವುದಿಲ್ಲ, ಆ ಬ್ಲೇಜರಿನ ಒಳಗೆ ಇರಬೇಕಾಗಿದ್ದ ಮೈ ಇದು, ಇಲ್ಲಿ ಬೆವರುತ್ತಿರುವುದು. ಆಗ ಟರ್ಫ್ ಇರಲಿಲ್ಲ, ಕೆಂಪು ಮಣ್ಣು, ಅಂಪೈರ್ ಮಂಡಳಿಯ ಕಾರ್ಯದರ್ಶಿ ಪುಟ್ಟರಾಜು, ಯಾರಿಗೆ ಯಾವ ಪಂದ್ಯ ಎಂದು ಹಂಚುವವನು ಅವನೇ, ಹಂಚುವ ಸೌಟು ಮೊದಲು ಅವನ ಎಲೆಗೇ ಬಾಗುತ್ತಿತ್ತು, ಫೈನಲ್ಲುಗಳೆಲ್ಲ ಅವನಿಗೆ, ಸಿದ್ದಣ್ಣನಿಗೆ ಮಂಜು ಬಿಡದ ಬೆಳಗಿನ ಪಂದ್ಯಗಳು, ಚೆಂಡು ಕಾಣದೆ ಬರೀ ಸದ್ದು ಕೇಳಿ ಊದಬೇಕಾದವು. ಆದರೆ ಆ ಸಲ ದೆಹಲಿಯಿಂದ ಯಾರೋ ಬರುತ್ತಾರೆ, ಫೈನಲ್ ನಡೆಸಿದವರಲ್ಲಿ ಒಬ್ಬನನ್ನು ಪ್ಯಾನೆಲ್ಲಿಗೆ ಆರಿಸಿಕೊಂಡು ಹೋಗುತ್ತಾರೆ ಎಂಬ ಸುದ್ದಿ, ಈ ಸಲ ನಿಂದೇ ಕಣ್ಲಾ ಸಿದ್ದ, ಎಂದು ಪುಟ್ಟರಾಜುವೇ ಬೆನ್ನು ತಟ್ಟಿದ್ದ, ಮಹಾದೇವಮ್ಮ ಗಂಡನ ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿ, ಸುತ್ತ ತಿರುಗಿಸಿ ನೋಡಿ, ನಮ್ ಮದುವೇಲೂ ಹಿಂಗೆ ಕಾಣ್ಲಿಲ್ಲ ನೀವು, ಎಂದು ನಕ್ಕಿದ್ದಳು, ಮೈದಾನದ ಬಾಗಿಲಲ್ಲಿ ಪುಟ್ಟರಾಜು ಆಗಲೇ ಅಂಪೈರ್ ಉಡುಪಿನಲ್ಲಿ, ಕುತ್ತಿಗೆಯಲ್ಲಿ ಸೀಟಿ — ಬಂದೋರು ನನ್ನೇ ಕೇಳಿದ್ರು ಕಣ್ಲಾ, ಏನ್ ಮಾಡಾದು, ಬೇಜಾರ್ ಮಾಡ್ಕಬ್ಯಾಡ, ನೀನು ಟೈಮ್ ನೋಡ್ಕೊ — ಅಂಗೈಗೆ ಒತ್ತಿದ ಸ್ಟಾಪ್‌ವಾಚು ಕಪ್ಪೆಯಂತೆ ತಣ್ಣಗೆ. ಗಂಜಿಯ ಅಂಗಿಯಲ್ಲಿ ಮೇಜಿನ ಮುಂದೆ ಕೂತು ಸಿದ್ದಣ್ಣ ಇನ್ನೊಬ್ಬನ ಭಾಗ್ಯದ ನಿಮಿಷಗಳನ್ನು ಅಳೆದ.

ಎಡಕ್ಕೆ, ಎಡಕ್ಕೆ, ತಿತಿಮತಿಯ ಹುಡುಗರು ನುಗ್ಗುತ್ತಿದ್ದಾರೆ, ಎರಡೂ ಕಡೆ ಇನ್ನೂ ಸೊನ್ನೆ, ಕೊನೆಯ ನಿಮಿಷಗಳು, ಮೋಕ್ಷಿತ್ ಬಾಗಿ ಚೆಂಡು ಕಸಿದ, ಶುದ್ಧವಾಗಿ, ಹೂವು ಬಿಡಿಸಿದ ಹಾಗೆ, ಥೂ, ಎಷ್ಟು ಚೆನ್ನಾಗಿ ಆಡುತ್ತಾನೆ ಈ ಹಾಳಾದವನು. ಪುಟ್ಟರಾಜುವಿನ ಮಂಡಿ ಸವೆದು ಕಾರ್ಯದರ್ಶಿಯ ಕುರ್ಚಿ ಸಿದ್ದಣ್ಣನಿಗೆ ಬಂದ ಮೇಲೆ ಎಲ್ಲರೂ ಹೊಗಳಿದರು, ಮಹಾನುಭಾವ, ಒಂದು ಫೈನಲ್ಲನ್ನೂ ತನಗೆ ಇಟ್ಟುಕೊಳ್ಳಲಿಲ್ಲ, ಎಳೆಯರಿಗೇ ಕೊಟ್ಟ — ಅವರಿಗೇನು ಗೊತ್ತು, ಅವನು ಕಾಯುತ್ತಿದ್ದ, ಕಾಯುವುದು ಹೊರಗಿನಿಂದ ನೋಡಿದರೆ ನ್ಯಾಯದ ಹಾಗೆಯೇ ಕಾಣುತ್ತದೆ. ನಿನ್ನೆ ಸೆಮಿಫೈನಲ್ಲಿನಲ್ಲಿ ಕುಶಾಲನಗರ ಗೆದ್ದದ್ದೇ ತಡ, ಫೈನಲ್ಲಿನ ಅಂಪೈರ್ ಪಟ್ಟಿಯಲ್ಲಿ ಲೋಹಿತನ ಜೊತೆಗೆ ಸುನಿಲ್ ಎಂದಿದ್ದ ಕಡೆ ಸಿದ್ದಣ್ಣ ಎಂದಾಯಿತು. ಸಾರ್, ಫೈನಲ್ ನಂಗೆ ಅಂದಿದ್ರಲ್ಲ, ನಮ್ಮವ್ವನೂ ನೋಡಕ್ಕೆ ಬಂದದೆ, ಎಂದ ಸುನಿಲ್, ದನಿಯಲ್ಲಿ ಕೋಪವೂ ಇಲ್ಲ. ಬೇಜಾರ್ ಮಾಡ್ಕಬ್ಯಾಡ, ನೀನು ಟೈಮ್ ನೋಡ್ಕೊ, ತನ್ನ ಬಾಯಿ, ಪುಟ್ಟರಾಜುವಿನ ದನಿ, ನಾಚಿಕೆಯಾಗಬೇಕಿತ್ತು, ಆಗಲಿಲ್ಲ, ಹಾಯೆನಿಸಿತು. ಇವತ್ತು ಗೇಟಿನಲ್ಲಿ ಮುದುಕ ಪುಟ್ಟರಾಜು ಊರುಗೋಲು ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿ, ಕೊನ್ಗೂ ನಿಂಗೆ ನೀನೇ ಕೊಟ್ಕಂಡ್ಯೇನ್ಲಾ ಸಿದ್ದ, ಒಳ್ಳೇದಾತು ಬುಡು, ರುಚಿ ಗೊತ್ತಾಯ್ತದೆ, ಎಂದು ಕೆಮ್ಮುತ್ತ ನಕ್ಕ.

ಗೊತ್ತಾಗಲಿ, ನಿನಗೂ ಗೊತ್ತಾಗಲಿ. ಪಂದ್ಯಾವಳಿ ಶುರುವಾದಾಗಿನಿಂದ ಸಿದ್ದಣ್ಣ ಕಣದಲ್ಲಿ ಕಾಫಿ ಹರವುತ್ತ, ಬಸ್ಸಿನ ಕಿಟಕಿಗೆ ತಲೆಯಾನಿಸಿ, ಉಣ್ಣುತ್ತ, ಕಣ್ಣೊಳಗೆ ಅದನ್ನೇ ಆಡಿಸಿದ್ದಾನೆ: ಗೋಲ್‌ಕೀಪರ್ ಮುಂದೆ ಬಂದು ಬಿದ್ದಿದ್ದಾನೆ, ಗೋಲಿನ ಗೆರೆಯ ಮೇಲೆ ಮೋಕ್ಷಿತ್ ಒಬ್ಬನೇ, ಸ್ಟಿಕ್ಕು ತಪ್ಪಿ ಚೆಂಡು ಅವನ ಹಳದಿ ಬೂಟಿಗೆ, ಟಪ್ — ಕಾಲಲ್ಲಿ ತಡೆದ ಗೋಲು, ಪೆನಾಲ್ಟಿ ಸ್ಟ್ರೋಕ್, ಎದುರಿಗೆ ಕೀಪರ್ ಒಬ್ಬನೇ, ಗೋಲಾದಂತೆಯೇ, ಮೇಲೆ ಬ್ಲೇಜರು ಬೂದಿಯಾಗಿ ಕುಸಿಯುತ್ತದೆ — ಊಟ ಮಾಡ್ರಿ, ಎಲ್ಲಿ ನೋಡ್ತಾ ಕೂತಿದ್ದೀರಿ, ಎಂದು ಮಹಾದೇವಮ್ಮ — ಮತ್ತೆ ಮೊದಲಿನಿಂದ, ಹಳದಿ ಬೂಟು, ಟಪ್ — ಅಗೋ, ತಿತಿಮತಿಯ ಹುಡುಗ ಗೋಲಿನ ಮುಂದಿನ ಡಿ ಗೆರೆಯ ಒಳಗೆ ಬಂದ, ಹೊಡೆದ, ಗೋಲ್‌ಕೀಪರ್ ಬಿದ್ದ, ನೀರು ಚಿಮ್ಮಿತು, ಗೆರೆಯ ಮೇಲೆ ಮೋಕ್ಷಿತ್, ಸೀಟಿ ಕೂಗಿತು, ಸಿದ್ದಣ್ಣನಿಗಿಂತ ಮೊದಲೇ ಅವನ ಉಸಿರು ಊದಿಬಿಟ್ಟಿತು.

ಎಲ್ಲರೂ ನಿಂತರು. ಕಾಲು ಸಾರ್, ಕಾಲು, ನೀವೇ ನೋಡಿದ್ರಲ್ಲ, ಎಂದು ತಿತಿಮತಿಯ ನಾಯಕ ಓಡಿಬಂದ, ಸ್ಟಿಕ್ಕಿಗೇ ಬಿದ್ದಿದ್ದು ಅಂಕಲ್, ದೇವ್ರಾಣೆ, ಎಂದು ಮೋಕ್ಷಿತ್ ಸ್ಟಿಕ್ಕನ್ನು ಎರಡೂ ಕೈಯಲ್ಲಿ ಮಗುವಿನಂತೆ ಎತ್ತಿ ತೋರಿಸಿದ, ಸಿದ್ದಣ್ಣ ಮಾವ, ಕಾಲಿಲ್ದಿದ್ರೂ ಕೊಡಿ, ಫೈನಲ್ ನಿಮ್ದೇ ಅಲ್ವಾ, ಎಂದು ಗ್ಯಾಲರಿಯಿಂದ ಯಾರೋ, ನಗೆ; ಲೋಹಿತ್ ಆ ಅರ್ಧದಿಂದ ಬಂದು ಕಿವಿಯ ಹತ್ತಿರ, ನಂಗೆ ಅಡ್ಡ ಇದ್ರು ಸಾರ್, ಕಾಣ್ಲಿಲ್ಲ, ನೀವು ನೋಡಿದ್ರಿ ತಾನೇ, ಎಂದ. ನೋಡಿದೆ, ನೋಡಿದೆನಲ್ಲ, ಎಷ್ಟು ಸಲ ನೋಡಿದ್ದೇನೆ — ಕೈ ಸ್ಟ್ರೋಕಿನ ಚುಕ್ಕೆಯತ್ತ ಅರ್ಧ ಏರಿ ನಿಂತಿತು, ಸಿದ್ದಣ್ಣ ಒಳಗೆ ಹುಡುಕಿದ, ಈಗಿನದು ಯಾವುದು, ಕಾಫಿ ಕಣದ್ದು ಯಾವುದು, ಬಸ್ಸಿನದು ಯಾವುದು, ಹೊಲಿಗೆಯ ಗುರುತೇ ಇಲ್ಲ, ಮರದ ಸದ್ದೋ ತೊಗಲಿನ ಸದ್ದೋ, ಸುನಿಲ್ ಊದಿದ್ದರೆ ಸುನಿಲನಿಗೆ ಗೊತ್ತಿರುತ್ತಿತ್ತು, ಯಾರಿಗಾದರೂ ಗೊತ್ತಿರುತ್ತಿತ್ತು, ತನ್ನೊಬ್ಬನನ್ನು ಬಿಟ್ಟು, ಸಾರ್, ಎಂದ ಲೋಹಿತ್, ಸಾರ್ — ಗೆರೆ, ನೀರು, ಹಳದಿ ಬೂಟು, ಟಪ್ — ಗೆರೆ, ಹಳದಿ ಬೂಟು — ಹಳದಿ ಬೂಟು —